ಅಪ್ಪನ ಎಡೆಗೆ ಫ್ರೆಂಚ್ ಬಿಸ್ಕತ್ತು

ಪಿತೃಪಕ್ಷದ ಭಾನುವಾರ ಬೆಳಿಗ್ಗೆ ಮೌಂಟನ್ ವ್ಯೂ ನಿಲ್ದಾಣದಲ್ಲಿ ರೈಲು ಹತ್ತಿದೆ. ಸ್ಯಾನ್ ಫ್ರಾನ್ಸಿಸ್ಕೋಗೆ ಒಂದು ಗಂಟೆಗೂ ಹೆಚ್ಚಿನ ದಾರಿ. ಅಲ್ಲಿ ಫ್ರೆಂಚ್ ಬಿಸ್ಕತ್ತು ಕೊಂಡು, ಕೊಲ್ಲಿಯನ್ನು ದಾಟಿ, ಅಮೆರಿಕದ್ದೇ ಊರಾದ ಡಬ್ಲಿನ್‌ನಲ್ಲಿರುವ ತಂಗಿ ಸವಿತಳ ಮನೆಗೆ ಮಧ್ಯಾಹ್ನದೊಳಗೆ ತಲುಪಬೇಕಿತ್ತು. ಅವಳ ಮನೆಯಲ್ಲಿ ಅಪ್ಪನಿಗೆ ಎಡೆ ಇಡುತ್ತಾರೆ. ತೀರಿಕೊಂಡವರಿಗೆ ಇಷ್ಟವಾಗಿದ್ದನ್ನೆಲ್ಲ ಎಲೆಯ ಮೇಲೆ ಬಡಿಸಿ, ಬಾಗಿಲು ಹಾಕಿಕೊಂಡು, ಅವರು ಬಂದು ಉಣ್ಣಲಿ ಎಂದು ಮನೆಯವರೆಲ್ಲ ಹೊರಗೆ ಕಾಯುವುದು ನಮ್ಮ ಕಡೆಯ ಪದ್ಧತಿ. ನಾನು ಭೌತಶಾಸ್ತ್ರ ಓದಿದವನು. ಸತ್ತವರು ಉಣ್ಣುತ್ತಾರೆಂದು ನಂಬುವುದಿಲ್ಲ. ಆದರೂ ಹೊರಟಿದ್ದೆ. ಕಾರಣ ಹಿಂದಿನ ಸಂಜೆಯ ಫೋನು.

"ಅಪ್ಪಂಗೆ ಆ ಫ್ರೆಂಚ್ ಬಿಸ್ಕತ್ತು ತರ್ತೀನಿ. ನಾನು ಕರ್ಕೊಂಡ್ ಹೋಗಿದ್ದಾಗ ಎಷ್ಟು ಇಷ್ಟಪಟ್ಟಿದ್ರು," ಎಂದಿದ್ದೆ.

ಸವಿತ ಅಲ್ಲೇ ತಡೆದಳು. "ನೀನಾ? ಅಣ್ಣ, ಕರ್ಕೊಂಡ್ ಹೋಗಿದ್ದು ನಾನು. ನಿಂಗೆ ಅವತ್ತು ಮೀಟಿಂಗು."

"ಇಲ್ಲ ಕಣೇ, ನಂಗೆ ಕಣ್ಣಿಗೆ ಕಟ್ಟಿದ ಹಾಗಿದೆ."

"ಕಟ್ಟಿರುತ್ತೆ. ಅವತ್ತು ಸಂಜೆನೇ ನಾನು ಫೋನ್ ಮಾಡಿ ಎಲ್ಲಾ ಹೇಳಿದ್ನಲ್ಲ."

ನನಗೆ ಕಟ್ಟಿದ್ದು ಇಷ್ಟು: ಕಿಟಕಿಯ ಪಕ್ಕ ಮಂಕಿ ಕ್ಯಾಪು ಹಾಕಿಕೊಂಡು ಕೂತ ಅಪ್ಪ, ಅಂಗಿಯ ಮೇಲೆ ಬಿದ್ದ ಪುಡಿ, ಮತ್ತು ಅವರ ಮಾತು: "ಬೆಣ್ಣೇಲಿ ಮೋಸ ಮಾಡಿಲ್ಲ ಕಣ್ಲಾ ಇವ್ರು." ಮೈಸೂರಿನ ಹಾಲಿನ ಡೇರಿಯಲ್ಲಿ ಬೆಣ್ಣೆಯ ಗುಣ ನೋಡುವ ಕೆಲಸ ಮಾಡಿ ನಿವೃತ್ತರಾದವರು ಅವರು. ಅವರ ಬಾಯಿಂದ ಇದು ಸಣ್ಣ ಹೊಗಳಿಕೆಯಲ್ಲ. ಅಪ್ಪ ಅಮೆರಿಕದಲ್ಲಿ ನಮ್ಮೊಂದಿಗಿದ್ದ ಆ ಆರು ತಿಂಗಳಲ್ಲಿ ನನ್ನ ಪಾಲಿಗೆ ಉಳಿದ ಸಂತೋಷದ ನೆನಪು ಇದೊಂದೇ. ಅದೂ ತಂಗಿಯದೆಂದರೆ ನನಗೆ ಉಳಿಯುವುದೇನು?

ಸ್ಯಾನ್ ಫ್ರಾನ್ಸಿಸ್ಕೋ ತಲುಪಿದಾಗ ಮಂಜು ಇನ್ನೂ ಬೀದಿಗೆ ಇಳಿದೇ ಇತ್ತು. ಮೌಂಟನ್ ವ್ಯೂನಲ್ಲಿ ತೆಳು ಅಂಗಿ ಸಾಕಿದ್ದವನಿಗೆ ಇಲ್ಲಿ ಹಲ್ಲು ಕಟಕಟಿಸಿತು. ಬಸ್ಸು ಹಿಡಿದು, ಒಂದು ಏರು ಹತ್ತಿ ಅಂಗಡಿ ಮುಟ್ಟಿದೆ. ಬೀದಿಯ ಈಚೆಗೇ ಬೆಣ್ಣೆ ಬೇಯುವ ಘಮ ಬರುತ್ತಿತ್ತು. ಒಳಗೆ ಕಿಟಕಿಯಿತ್ತು, ಕಿಟಕಿಯ ಪಕ್ಕ ಬೆಂಚೂ ಇತ್ತು. ಒಂದು ಕ್ಷಣ ಹಿಗ್ಗಿದೆ. ಆಮೇಲೆ ಅನುಮಾನಿಸುವ ನನ್ನ ಹಳೆಯ ರೋಗ ಎದ್ದು ಕೂತಿತು: ಕಿಟಕಿ ಯಾವ ಅಂಗಡಿಗಿಲ್ಲ?

ಗಾಜಿನ ಹಿಂದಿನ ತಟ್ಟೆಗಳನ್ನು ನೋಡಿದರೆ ಯಾರಿಗಾದರೂ ಆಸೆಯಾಗಬೇಕು. ಚಿಪ್ಪಿನ ಆಕಾರದ, ಹೊಟ್ಟೆ ಉಬ್ಬಿದ ಮೆದು ಕೇಕಿನಂಥ ಮ್ಯಾಡ್ಲೆನ್‌ಗಳು. ಬೆಕ್ಕಿನ ನಾಲಿಗೆ ಎಂದೇ ಹೆಸರಿರುವ, ಅಂಚು ಮಾತ್ರ ಕೆಂಪಾದ ತೆಳು ಬಿಸ್ಕತ್ತುಗಳು. ಬಿಸಿಯಿರುವಾಗಲೇ ಲಟ್ಟಣಿಗೆಯ ಮೇಲೆ ಹೊದಿಸಿ ಬಗ್ಗಿಸಿದ, ನಮ್ಮ ನಾಡಹಂಚಿನಂತಿರುವ ಬಾದಾಮಿಯ ಹಾಳೆಗಳು. ಒಂದಕ್ಕೂ ಬಣ್ಣವಿಲ್ಲ, ಸಕ್ಕರೆಯ ಹೂವಿಲ್ಲ. ಇಲ್ಲಿನ ಅಂಗಡಿಗಳ ಅಂಗೈಯಗಲದ ಕುಕಿಗಳ ಗದ್ದಲದ ಮುಂದೆ ಇವು ಮೆಲ್ಲಗೆ ಮಾತಾಡುವ ಮನೆಯವರ ಹಾಗೆ. ನನಗೆ ಬೇಕಿದ್ದದ್ದು ಕೊನೆಯ ತಟ್ಟೆಯಲ್ಲಿತ್ತು: ಮೇಲೆ ಮೊಟ್ಟೆಯ ಹಳದಿ ಸವರಿ, ಫೋರ್ಕಿನಿಂದ ಅಡ್ಡಡ್ಡ ಗೆರೆ ಎಳೆದು ಸುಟ್ಟ ದುಂಡನೆಯ ಬಿಸ್ಕತ್ತು.

"ಇದು ಫ್ರಾನ್ಸಿನ ನಮ್ಮ ಬ್ರಿಟನಿ ಸೀಮೆಯದು," ಎಂದಳು ಅಂಗಡಿಯ ಹೆಂಗಸು. ತಲೆಗೆ ಬಟ್ಟೆ ಕಟ್ಟಿದ್ದಳು, ಇಂಗ್ಲಿಷನ್ನು ಮೂಗಿನಲ್ಲಿ ಎಳೆದು ಆಡುತ್ತಿದ್ದಳು. "ಹಿಂದೆ ತಿಂದಿದ್ದೀರಾ?"

"ತಿಂದಿದ್ದೇನೆ. ನನ್ನ ತಂದೆಯ ಜೊತೆ, ಇಲ್ಲೇ."

"ಹಾಗಾದರೆ ನಾನೇನೂ ಹೇಳಬೇಕಿಲ್ಲ," ಎಂದು ನಕ್ಕು, ಒಂದನ್ನು ಕಾಗದದ ಮೇಲಿಟ್ಟು ಕೊಟ್ಟಳು.

ಬೆಂಚಿನ ಮೇಲೆ ಕೂತು ಕಚ್ಚಿದೆ. ಮೊದಲು ಗರಿ, ಮರುಕ್ಷಣ ಮರಳಿನಂತೆ ಕುಸಿದು ಬಾಯಿ ತುಂಬಾ ಬೆಣ್ಣೆ. ಅದರ ಹಿಂದೆಯೇ ಉಪ್ಪು. ಎಲ್ಲೋ ಒಂದು ಚಿಟಿಕೆಯಲ್ಲ, ನಾಲಿಗೆ ಹೌಹಾರುವಷ್ಟು. ಸಿಹಿ ತಿಂಡಿಯಲ್ಲಿ ಹರಳುಪ್ಪು!

"ಇಷ್ಟು ಉಪ್ಪು ಯಾವಾಗಿನಿಂದ?" ಎಂದೆ.

ಅವಳಿಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. "ಯಾವಾಗಿನಿಂದ ಎಂದರೆ? ನಮ್ಮ ಸೀಮೆಯ ಬೆಣ್ಣೆಯೇ ಉಪ್ಪಿನದು. ಮೊದಲ ಸಲ ತಿಂದವರೆಲ್ಲ ಹೀಗೇ ಮುಖ ಮಾಡುತ್ತಾರೆ."

ಮೊದಲ ಸಲ ತಿಂದವರು. ಮಂಕಿ ಕ್ಯಾಪು ನೆನಪಿತ್ತು, ಪುಡಿ ನೆನಪಿತ್ತು, ಉಪ್ಪು ನೆನಪಿರಲಿಲ್ಲ. ಅದ್ಭುತವಾದ ಬಿಸ್ಕತ್ತದು. ಅದಕ್ಕಾಗಿಯೇ ಕೋಪ ಬಂತು. ಇಂಥದ್ದನ್ನು ತಿಂದ ನಾಲಿಗೆ ಮರೆಯುವುದಿಲ್ಲ. ಆದರೂ ಒಂದು ಡಬ್ಬಿ ಕಟ್ಟಿಸಿಕೊಂಡೆ. ನಾನು ಹೋಗಿರದಿದ್ದರೇನು, ಅಪ್ಪನಿಗೆ ಇಷ್ಟವಾಗಿದ್ದಂತೂ ನಿಜವಲ್ಲವೇ?

ಅಲ್ಲಿಂದ ನೆಲದಡಿಯ ರೈಲು. ಕೊಲ್ಲಿಯ ಕೆಳಗಿನ ಸುರಂಗದಲ್ಲಿ ಕಿವಿ ಗವ್ವೆಂದಿತು. ಆಚೆ ದಡದಲ್ಲಿ ಬಿಸಿಲು, ಒಣಗಿ ಹಳದಿಯಾದ ಗುಡ್ಡಗಳು. ಫ್ರೀವೇಯ ನಟ್ಟನಡುವೆ ಇರುವ ಡಬ್ಲಿನ್ ನಿಲ್ದಾಣದಲ್ಲಿ ಇಳಿದಾಗ ಕೆಂಡದಂಥ ಸೆಕೆ. ಸವಿತಳ ಗಂಡ ನಂಜುಂಡ ಕಾರು ತಂದಿದ್ದ.

"ಏನ್ ಭಾವ, ಮಾವನೋರಿಗೆ ಫ್ರಾನ್ಸಿಂದ ಪಾರ್ಸೆಲ್ಲಾ? ಇಲ್ಲಿ ಬ್ರಾಂದಿ ಬಾಟ್ಲು ರೆಡಿ ಅದೆ, ಅವ್ರು ನಿಮ್ ಡಬ್ಬಿ ಮುಟ್ಟಲ್ಲ ಬಿಡಿ."

ಮನೆಯೊಳಗೆ ನಂಜುಂಡ ಸ್ಟೂಲು ಹತ್ತಿ, ಹೊಗೆಯ ಅಲಾರಮ್ಮಿಗೆ ಸ್ನಾನದ ಟೋಪಿ ತೊಡಿಸಿದ. ಹೋದ ವರ್ಷ ಧೂಪ ಹಾಕಿದ ಕೂಡಲೇ ಅದು ಕಿರುಚಿ, ಎಡೆಯ ಮುಂದೆ ಎಲ್ಲರೂ ಟವೆಲ್ ಬೀಸುತ್ತಾ ನಿಲ್ಲಬೇಕಾಗಿತ್ತಂತೆ. ಅಪ್ಪನ ಫೋಟೋ ಮುಂದೆ ಸವಿತ ಮುದ್ದೆ, ಮಟನ್ ಸಾರು, ವಡೆ, ಕಜ್ಜಾಯ, ಬೀಡಿ ಕಟ್ಟು, ಹೊಸ ಪಂಚೆ ಇಟ್ಟಿದ್ದಳು. ನಾನು ಡಬ್ಬಿ ತೆರೆದೆ.

"ಇದ್ರಲ್ಲಿ ಉಪ್ಪಿರುತ್ತೆ ಅಂತ ನೀನ್ ಹೇಳೇ ಇರ್ಲಿಲ್ಲ," ಎಂದೆ.

"ಹೇಳ್ದೆ. ನೀನು ನಕ್ಕೆ. ಅಪ್ಪ ಒಂದ್ ಕಚ್ಚು ಕಚ್ಚಿ, 'ಉಪ್ಪಾಕಿ ಹಳೇ ಬೆಣ್ಣೆ ಮುಚ್ಚವ್ರೆ ಕಣವ್ವ, ಏನೋ ಮೋಸ ಅದೆ' ಅಂದ್ಬಿಟ್ಟು ಮಿಕ್ಕಿದ್ದು ನನ್ ಕೈಗೆ ಕೊಟ್ರು."

"ಮೋಸ ಮಾಡಿಲ್ಲ ಅಂದ್ರು."

"ಅಣ್ಣ, ಪಕ್ಕದಲ್ಲಿ ಕೂತಿದ್ದೋಳು ನಾನು."

ಕೇಳಿದ್ದನ್ನು ಕಂಡಿದ್ದೆಂದು ಮಾಡಿಕೊಂಡಿದ್ದೆ, ತೆಗಳಿದ್ದನ್ನು ಹೊಗಳಿದ್ದೆಂದು ತಿರುಗಿಸಿಕೊಂಡಿದ್ದೆ. ಸವಿತಳೇ ಕರಗಿ, "ಇಡು ಪರ್ವಾಗಿಲ್ಲ, ಮಗ ತಂದಿದ್ದು ಅಂತ ತಿಂತಾರೆ," ಎಂದಳು. ಬೇಡವೆಂದೆ. ಇಷ್ಟವಿಲ್ಲದ್ದನ್ನು ಎಡೆಗೆ ಇಡುವ ಪದ್ಧತಿ ನಮ್ಮಲ್ಲಿಲ್ಲ.

"ನನ್ ಮನೇಲಿ ಇದ್ದಾಗ ಅಪ್ಪಂಗೆ ಏನ್ ಇಷ್ಟ ಆಗ್ತಿತ್ತು ಅಂತ ನಿಂಗೇನಾದ್ರೂ ಹೇಳಿದ್ರಾ? ಅದನ್ನಾದ್ರೂ ಇಡಣ."

ಅವಳು ಎಲೆಯ ಮೇಲಿನ ವಡೆಯನ್ನು ಸುಮ್ಮನೆ ಸರಿಸಿದಳು. "ತಿನ್ನೋದ್ರ ಬಗ್ಗೆ ಏನೂ ಹೇಳ್ಲಿಲ್ಲ. 'ಅವನು ಆಫೀಸಿಂದ ಬರೋವರ್ಗೂ ಕಾಯ್ತಿದ್ದೆ' ಅಂತ ಮಾತ್ರ ಹೇಳೋರು."

ಧೂಪ ಹಾಕಿ, ಬಾಗಿಲೆಳೆದುಕೊಂಡು ಹಿತ್ತಲಿಗೆ ಬಂದೆವು. ಸ್ವಲ್ಪ ಹೊತ್ತಿನ ಮೇಲೆ ನಂಜುಂಡ ಬಾಗಿಲ ಕಡೆ ಕೈ ತೋರಿಸಿದ.

"ಭಾವ, ಹಿರೀಮಗ ನೀವು. ಬಾಗ್ಲು ತಟ್ಟಿ ತೆಗೀರಿ, ಊಟ ತಣ್ಣಗಾಯ್ತದೆ."

ಹಿಡಿಯ ಮೇಲೆ ಕೈಯಿಟ್ಟೆ. ಕೈ ತಿರುಗಲಿಲ್ಲ.

"ನೀವು ಇದನ್ನೆಲ್ಲ ನಂಬಲ್ವಲ್ಲ?" ಎಂದ.

"ನಂಬಲ್ಲ," ಎಂದೆ. "ಇನ್ನೊಂಚೂರು ಹೊತ್ತು ಉಣ್ಲಿ ಇರು."