ಗ್ರಾಫಿನಲ್ಲಿ ಇಲ್ಲದ ಸರ

ನಾನು ಸಂಖ್ಯಾಶಾಸ್ತ್ರದಲ್ಲಿ ಎಂಎಸ್ಸಿ ಮುಗಿಸಿದ ವರ್ಷ, ಎಂಬತ್ತರ ದಶಕದ ಕೊನೆಗೆ, ವಡಾಲದ ನಮ್ಮ ಕಾಲೊನಿಯ ಹಾಲ್‌ನಲ್ಲಿ ಪ್ರತಿ ಬೆಳಿಗ್ಗೆ ಕನ್ನಡದವರ ಸಾಮೂಹಿಕ ಧ್ಯಾನ ಶುರುವಾಯಿತು. ಸುತ್ತಮುತ್ತ ಸರಗಳ್ಳತನ ಹೆಚ್ಚಾಗಿತ್ತು. ಇಷ್ಟು ಜನ ಒಟ್ಟಿಗೆ ಕಣ್ಣು ಮುಚ್ಚಿ ಕೂತರೆ ಇಡೀ ಪ್ರದೇಶದ ಮನಸ್ಸು ತಣ್ಣಗಾಗಿ ಕಳವು ಇಳಿಯುತ್ತದೆ ಎಂದು ಅದನ್ನು ನಡೆಸುತ್ತಿದ್ದ ನಿವೃತ್ತ ಗಣಿತದ ಮೇಷ್ಟ್ರು ನಂಬಿದ್ದರು.

ಹಿಂದಿ ಬಾರದ ಅಮ್ಮನಿಗೆ ಮುಂಬಯಿಯಲ್ಲಿ ಅದುವರೆಗೆ ಹೋಗಿ ಕೂರಲು ಒಂದು ಜಾಗವಿರಲಿಲ್ಲ. ಈಗ ಚಾಪೆ ಮಡಚಿಕೊಂಡು ಎಲ್ಲರಿಗಿಂತ ಮೊದಲು ಇಳಿಯುತ್ತಿದ್ದಳು. ಬರುವಾಗ ಅವಳ ಮುಖ ಬೇರೆಯೇ ಇರುತ್ತಿತ್ತು.

ಒಂದು ಶನಿವಾರ ಮೇಷ್ಟ್ರು ಮನೆಗೆ ಬಂದರು. ಪೊಲೀಸ್ ಚೌಕಿಯಿಂದ ವಾರವಾರದ ದೂರುಗಳನ್ನು ಬರೆದುಕೊಂಡು ಬಂದು ಗ್ರಾಫ್ ಹಾಕಿದ್ದರು. ಗೆರೆ ಇಳಿಯುತ್ತಾ ಹೋಗಿತ್ತು.

"ಪೇಪರಿಗೆ ಕಳಿಸ್ತೀನಿ ಮಗು. ಕೆಳಗೆ ನಿನ್ನದೊಂದು ಸಹಿ, ಪಕ್ಕದಲ್ಲಿ ಡಿಗ್ರಿ. ನಾಳೆ ಎಲ್ಲರೆದುರಿಗೇ ಹಾಕು."

ಅಮ್ಮ ಕಾಫಿ ಕೊಡಲು ಬಗ್ಗಿದಳು. ಅವಳ ಕತ್ತಿನ ಸುತ್ತ ಹಸಿರುಗಪ್ಪು ಕಲೆ ಕಂಡಿತು. ಚಿನ್ನ ಹಾಗೆ ಕಲೆ ಬಿಡುವುದಿಲ್ಲ.

ಮೇಷ್ಟ್ರು ಹೋದ ಮೇಲೆ ಕೇಳಿದೆ. "ಇದು ಗಿಲೀಟಿಂದು. ನಿನ್ನ ಮಾಂಗಲ್ಯದ ಸರ ಎಲ್ಲಮ್ಮ?"

ಅವಳು ಒಲೆಯ ಕಡೆ ತಿರುಗಿದಳು. "ಸ್ಟೇಷನ್ ಬ್ರಿಡ್ಜ್ ಮೇಲೆ ಎಳ್ಕೊಂಡು ಹೋದ. ಮೂರು ವಾರ ಆಯ್ತು."

"ಕಂಪ್ಲೇಂಟ್ ಕೊಟ್ಯಾ?"

"ಕೊಟ್ರೆ ಮೇಷ್ಟ್ರ ಲೆಕ್ಕಕ್ಕೆ ಬರಲ್ವೇನೆ? ಅಲ್ಲಿ ಕೂರೋಳೂ ನಾನೇ, ಕೆಡಿಸೋಳೂ ನಾನೇ ಆಗ್ಲಾ? ಆವತ್ತು ಕಣ್ಣು ಮುಚ್ಕೊಂಡು ಸಾರಿಗೆ ಬೇಳೆ ನೆನೆಸಿದ್ನೋ ಇಲ್ವೋ ಅಂತ ಯೋಚಿಸ್ತಿದ್ದೆ. ಅದಕ್ಕೇ ಹೀಗಾಯ್ತು. ನಿಮ್ಮಪ್ಪಂಗೂ ಹೇಳಿಲ್ಲ. ಯಾರಿಗೂ ಹೇಳ್ಬೇಡ, ನನ್ನಾಣೆ."

ನನಗೆ ಕಳ್ಳನ ಮೇಲೆ ಬಂದದ್ದಕ್ಕಿಂತ ಹೆಚ್ಚಿನ ಸಿಟ್ಟು ಆ ಗೆರೆಯ ಮೇಲೆ ಬಂತು. ಆದರೆ ಹೇಳಿದರೆ ಅವಳಿಗಿದ್ದ ಒಂದೇ ಜಾಗ ಹೋಗುತ್ತಿತ್ತು.

ಭಾನುವಾರ ಹಾಲ್ ತುಂಬಿತ್ತು. ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ನನ್ನತ್ತ ಚಾಚಿದರು. ನಾನು ತೆಗೆದುಕೊಳ್ಳಲಿಲ್ಲ.

"ದೂರುಗಳು ಅತಿ ಹೆಚ್ಚಾದ ವಾರವೇ ನಾವು ಶುರು ಮಾಡಿದ್ದು, ಮೇಷ್ಟ್ರೇ. ಜ್ವರ ಪೂರ್ತಿ ಏರಿದ ದಿನ ಡಾಕ್ಟರ ಹತ್ತಿರ ಹೋಗ್ತೀವಿ. ಮಾರನೇ ದಿನ ಇಳಿದರೆ ಅದು ಔಷಧಿಯಿಂದಲೇ ಅನ್ನೋಕಾಗಲ್ಲ. ಧ್ಯಾನ ಮಾಡದ ಬೇರೆ ಏರಿಯಾದ ಲೆಕ್ಕವೂ ನಮ್ಮ ಹತ್ತಿರ ಇಲ್ಲ."

"ಓದಿದ ಹುಡುಗೀರಿಗೆ ಕಣ್ಣು ಮುಚ್ಚೋಕೂ ಪ್ರೂಫ್ ಬೇಕು!" ಹಿಂದಿನಿಂದ ಒಂದು ಹೆಂಗಸಿನ ದನಿ. ನಗು ಎದ್ದಿತು.

ಮೇಷ್ಟ್ರು ನಗಲಿಲ್ಲ. ಸಭೆಯ ಕಡೆ ತಿರುಗಿದರು. "ಸರಿ. ನಾವು ಕೂತ ಮೇಲೆ ಇಲ್ಲಿ ಯಾರದ್ದಾದ್ರೂ ಕಳುವಾಗಿದ್ರೆ ಹೇಳ್ಲಿ. ಒಬ್ಬರದ್ದಾದ್ರೂ!"

ನಾನು ಅಮ್ಮನ ಕಡೆ ನೋಡದಿರಲು ಗ್ರಾಫಿನ ಚೌಕಗಳನ್ನು ಎಣಿಸತೊಡಗಿದೆ. ಎಲ್ಲರ ಕಣ್ಣು ನನ್ನ ಮೇಲಿತ್ತು. ಕೆಳಗೆ ನೋಡುತ್ತಲೇ ಇದ್ದೆ.

"ನಂದು ಹೋಗಿದೆ," ಎಂದಳು ಅಮ್ಮ.

ಅವಳು ಎದ್ದು ನಿಂತಿದ್ದಳು. "ಮಗಳನ್ನ ಹಾಗೆ ನೋಡ್ಬೇಡಿ. ಸ್ಟೇಷನ್ ಬ್ರಿಡ್ಜ್ ಮೇಲೆ, ಸರ. ನಾನೇ ಹೇಳಿರಲಿಲ್ಲ."

ಮೇಷ್ಟ್ರು ಗೆರೆಯನ್ನೊಮ್ಮೆ ನೋಡಿದರು. ಆಮೇಲೆ ಪೆನ್ನಿನ ಮುಚ್ಚಳ ಹಾಕಿ, ಗ್ರಾಫನ್ನು ಸುರುಳಿ ಸುತ್ತಿಕೊಂಡು ಹೊರಟುಹೋದರು. ಅಮ್ಮನ ಅಕ್ಕಪಕ್ಕದವರು ತಂತಮ್ಮ ಚಾಪೆ ಎತ್ತಿಕೊಂಡು ಅವಳತ್ತ ನೋಡದೆ ಎದ್ದುಹೋದರು.

ಮಧ್ಯಾಹ್ನ ನಾವಿಬ್ಬರೂ ಚೌಕಿಗೆ ಹೋಗಿ ದೂರು ಬರೆಸಿದೆವು. ಸಂಜೆ ಅಪ್ಪನಿಗೂ ಅವಳೇ ಹೇಳಿದಳು.

ಸೋಮವಾರ ಅವಳು ಹೋಗುವುದಿಲ್ಲ ಎಂದುಕೊಂಡಿದ್ದೆ. ಅವಳು ಗಿಲೀಟಿನ ಸರ ತೆಗೆದಿಟ್ಟು, ಕಡಲೆಹಿಟ್ಟು ಹಚ್ಚಿ ಕತ್ತು ತೊಳೆದು, ಅರಿಸಿನದ ದಾರ ಕಟ್ಟಿಕೊಂಡಳು. ಅಷ್ಟರಲ್ಲಿ ಹೊತ್ತಾಗಿಹೋಗಿತ್ತು. ಚಾಪೆ ಹಿಡಿದು ಇಳಿದವಳನ್ನು ಮನೆ ಮುಂದಿನ ಗ್ಯಾಲರಿಯಿಂದ ನೋಡಿದೆ. ಧ್ಯಾನದ ಹೊತ್ತಿಗೆ ಸರಿಯಾಗಿ ಮುಚ್ಚುತ್ತಿದ್ದ ಹಾಲ್‌ನ ಬಾಗಿಲು ಇನ್ನೂ ತೆರೆದೇ ಇತ್ತು. ಹೊಸ್ತಿಲಲ್ಲಿ ನಿಂತಿದ್ದ ಮೇಷ್ಟ್ರು ಅವಳನ್ನು ಕಂಡು ಪಕ್ಕಕ್ಕೆ ಸರಿದರು. ಅವಳು ಒಳಗೆ ಹೋದ ಮೇಲೆ ಬಾಗಿಲು ಹಾಕಿದರು.