ಆಗ್ನೆಸ್ ಅತ್ತೆಯ ಹಾಡು

ಡೆಲ್ಮರ್ ಮೂಸ್ತೂಸ್ ಅವರಿಗೆ ಅರವತ್ತೇಳು ವರ್ಷ. ಕೆನಡಾದ ಸಸ್ಕಾಚೆವಾನ್ ಪ್ರಾಂತ್ಯದ ಕ್ರೀ ಬುಡಕಟ್ಟಿನವರು. ಗಡಿಯಾಚೆಯ ರೆಂಟನ್ ಊರಿನ ಗೋದಾಮೊಂದರಲ್ಲಿ ಇಪ್ಪತ್ತಾರು ವರ್ಷ ಫೋರ್ಕ್‌ಲಿಫ್ಟ್ ಓಡಿಸಿದರು. ಶನಿವಾರ ಗಿಟಾರ್ ಹಿಡಿದು ಬಾರ್‌ಗಳಲ್ಲಿ ಕಂಟ್ರಿ ರಾಕ್ ಹಾಡಿದರು. ನಾಲ್ಕು ಆಲ್ಬಮ್ ಬಂದವು. ಜನರಿಗೆ ನೆನಪಿರುವುದು ಒಂದೇ ಹಾಡು.

ಅದು ಅವರದಲ್ಲ. ಅಜ್ಜ ಕಟ್ಟಿದ್ದು, ಅಜ್ಜನ ನಂತರ ಸೋದರತ್ತೆ ಆಗ್ನೆಸ್ ಅವರಿಗೆ ಸೇರಿದ್ದು. ಆ ಮನೆತನದಲ್ಲಿ ಇನ್ನೊಬ್ಬರ ಹಾಡು ಬೇಕೆಂದರೆ ಎದುರು ಕೂತು, ಹೊಗೆಸೊಪ್ಪು ನೀಡಿ ಕೇಳಬೇಕು. ಅವರು ತೆಗೆದುಕೊಂಡರೆ ಒಪ್ಪಿಗೆ. 1991ರಲ್ಲಿ ಡೆಲ್ಮರ್ ಕೇಳದೆಯೇ ಅದಕ್ಕೆ ಡ್ರಮ್ಸ್ ಸೇರಿಸಿ ರೆಕಾರ್ಡ್ ಮಾಡಿದರು. ರೇಡಿಯೊದಲ್ಲಿ ಅದನ್ನು ಕೇಳಿದ ಅತ್ತೆ ಅವರ ಜೊತೆ ಮಾತು ಬಿಟ್ಟರು.

ಈ ವರ್ಷ ಡೆಲ್ಮರ್ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿಕೊಂಡಿತು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು ವೈದ್ಯರು. ಅದಕ್ಕೆ ಮೊದಲು ಆ ಹಾಡನ್ನು ಒಂದು ಸಲ, ಒಪ್ಪಿಗೆ ಪಡೆದು ಹಾಡಬೇಕೆಂದು ಡೆಲ್ಮರ್ ಬಯಸಿದರು. ಕೊನೆಯ ಆಲ್ಬಮ್ ಪಕ್ಕದ ಮನೆಯ ಗ್ಯಾರೇಜಿನಲ್ಲಿ ತಯಾರಾಗುತ್ತಿತ್ತು. ರೆಕಾರ್ಡ್ ಮಾಡುತ್ತಿದ್ದವರು ಆ ಮನೆಯ ಕಲ್ಮೇಶ್, ಗದಗ ಕಡೆಯ ಎಂಜಿನಿಯರ್.

ಡೆಲ್ಮರ್ ಅತ್ತೆಗೆ ಹೊಗೆಸೊಪ್ಪನ್ನು ಕೊರಿಯರ್‌ನಲ್ಲಿ ಕಳಿಸಿದರು. ಹತ್ತು ದಿನಕ್ಕೆ ಪೊಟ್ಟಣ ಒಡೆಯದೆ ವಾಪಸು ಬಂತು.

"ನಮ್ಮೂರಲ್ಲಿ ಮದುವೆಗೆ ವಾಟ್ಸಾಪಲ್ಲಿ ಕರೆದ್ರೆ ಹಿರಿಯರು ಬರಲ್ಲ," ಎಂದರು ಕಲ್ಮೇಶ್. "ಮನೆಗೆ ಹೋಗಿ ಕುಂಕುಮ ಹಚ್ಚಿ ಕರೀಬೇಕು."

"ಕೊರಿಯರ್ ಮಾಡೋಕೆ ಮುಂಚೆ ಹೇಳೋದಲ್ವೇನಯ್ಯಾ?"

ಡೆಲ್ಮರ್ ಎರಡು ದಿನ ಕಾರು ಓಡಿಸಿಕೊಂಡು ಸಸ್ಕಾಚೆವಾನ್‌ಗೆ ಹೋದರು. ಅತ್ತೆ ವೃದ್ಧಾಶ್ರಮದಲ್ಲಿದ್ದರು. ತೊಂಬತ್ತೊಂದು ವರ್ಷ.

"ಊಟ ಆಯ್ತೇನೋ?" ಎಂದು ಕ್ರೀ ಭಾಷೆಯಲ್ಲಿ ಕೇಳಿದರು, ಮೂವತ್ತು ಚಿಲ್ಲರೆ ವರ್ಷಗಳ ಮೇಲೆ.

"ಆಯ್ತು ಅತ್ತೆ." ಡೆಲ್ಮರ್ ಹೊಗೆಸೊಪ್ಪನ್ನು ಅಂಗೈ ಮೇಲಿಟ್ಟು ಚಾಚಿದರು.

"ಇಷ್ಟು ದಿನ ಹಾಡಿದೀಯಲ್ಲ. ಈಗ ಯಾಕೆ ಕೇಳ್ತೀಯ?"

"ಬರೋ ತಿಂಗಳಿಂದ ನಂಗೆ ಹಾಡೋಕೆ ಆಗಲ್ಲ."

"ಹಾಗಾದ್ರೆ ಕೊಟ್ಟು ಏನು ಮಾಡ್ಲಿ? ಹಾಡೋರಿಗೆ ಕೊಡೋದು ಅದು."

ಅವರು ಮಡಿಲಿನಿಂದ ಕೈ ಎತ್ತಲಿಲ್ಲ. ಸ್ವಲ್ಪ ಹೊತ್ತಿಗೆ ಡೆಲ್ಮರ್ ತಮ್ಮ ಕೈ ಹಿಂದಕ್ಕೆ ತೆಗೆದುಕೊಂಡರು. ಆಮೇಲೆ ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದರು.

ರೆಂಟನ್‌ಗೆ ಮರಳಿದ ಮೇಲೆ ಉಳಿದ ಹಾಡುಗಳು ಮೂರು ದಿನದಲ್ಲಿ ಮುಗಿದವು. ಕಲ್ಮೇಶ್ ಮೈಕು ಆರಿಸಲಿಲ್ಲ.

"ಆ ಹಾಡನ್ನೂ ಒಂದ್ಸಲ ಹಾಡಿಬಿಡಿ. ಗ್ಯಾರೇಜಲ್ಲಿ ಯಾರಿಗೆ ಗೊತ್ತಾಗುತ್ತೆ?"

"ಆವತ್ತೂ ಹಾಗೇ ಅನ್ಕೊಂಡಿದ್ದೆ," ಎಂದರು ಡೆಲ್ಮರ್.

ಮರುವಾರ ಶಸ್ತ್ರಚಿಕಿತ್ಸೆ ಆಯಿತು. ಆಲ್ಬಮ್‌ನಲ್ಲಿ ಹತ್ತು ಹಾಡುಗಳಿವೆ, ಎಲ್ಲವೂ ಅವರವೇ.