ಜರ್ಮನ್ ರಿಜ್ವಾನನ ಎತ್ತಿದ ಕೈ

ನ್ಯೂಜಿಲೆಂಡಿನ ಅಪ್ಪರ್ ಹಟ್‌ನಲ್ಲಿ ಮನೆಮನೆಗೆ, ಚಳಿಗೆ ಕೋಣೆ ಬೆಚ್ಚಗಿಡುವ ಹೀಟ್ ಪಂಪ್ ಕೂರಿಸುವ ರಿಜ್ವಾನನನ್ನು ಯಾರಾದರೂ 'ಜರ್ಮನ್' ಎಂದು ಕರೆದರೆ ಅವರು ಬೆಳಗಾವಿಯವರೆಂದೇ ತಿಳಿಯಬೇಕು. ಅವನು ಜರ್ಮನಿಯನ್ನು ನೋಡಿದ್ದು ಟೀವಿಯಲ್ಲಿ ಮಾತ್ರ. ಹದಿಮೂರರ ವಯಸ್ಸಿನಲ್ಲಿ, ಓಣಿಗೆಲ್ಲ ಒಂದೇ ಇದ್ದ ಕಲರ್ ಟೀವಿಯ ಮುಂದೆ ಕುಳಿತು ಇಡೀ ವಿಶ್ವಕಪ್ ನೋಡಿದ. ಉಳಿದ ಹುಡುಗರು ಗೋಲು ಹೊಡೆದವರನ್ನು ಕಂಡು ಕುಣಿದರೆ ಇವನ ಕಣ್ಣು ಜರ್ಮನಿಯ ಹಿಂದಿನ ಸಾಲಿನ ಮೇಲೆ. ಅವಸರವಿಲ್ಲ, ಗದ್ದಲವಿಲ್ಲ, ಒಬ್ಬ ಹೆಜ್ಜೆ ಮುಂದಿಟ್ಟರೆ ಎಲ್ಲರೂ ಮುಂದಿಡುತ್ತಾರೆ. ಅಂಥ ಆಟಗಾರರೇ ವಯಸ್ಸಾದ ಮೇಲೆ ಕೋಟು ತೊಟ್ಟು, ಮ್ಯಾನೇಜರುಗಳಾಗಿ, ಗೆರೆಯ ಪಕ್ಕ ಕೈಕಟ್ಟಿ ನಿಂತದ್ದನ್ನೂ ಅವನು ಮುಂದೆ ನೋಡಿದ. ಬಾಳಿದರೆ ಹೀಗೆ ಬಾಳಬೇಕು ಎಂದುಕೊಂಡ. ಮೊಣಕಾಲು ಇರುವ ತನಕ ಡಿಫೆಂಡರ್, ಹೋದ ಮೇಲೆ ಮ್ಯಾನೇಜರ್.

ಬೆಳಗಾವಿಯ ಕ್ಯಾಂಪಿನ ಕೆಂಪು ಮಣ್ಣಿನ ಮೈದಾನದಲ್ಲಿ ಅವನು ಸ್ಟಾಪರ್, ಅಂದರೆ ಗೋಲ್‌ಕೀಪರನ ಮುಂದಿನ ನಡುಗೋಡೆ. ಎದುರಾಳಿಯ ಕಾಲಿಗೆ ಕಾಲು ಕೊಡುವುದಕ್ಕಿಂತ ಅವನನ್ನು ಆಫ್‌ಸೈಡಿಗೆ ಕೆಡವುವುದೇ ಇವನ ಕಸುಬು. ಆಫ್‌ಸೈಡ್ ಎಂದರೆ ಬ್ರಹ್ಮವಿದ್ಯೆಯೇನಲ್ಲ. ಚೆಂಡು ಒದೆಯುವ ಗಳಿಗೆಯಲ್ಲಿ ಎದುರಾಳಿ ನಮ್ಮ ಕೊನೆಯ ಆಟಗಾರನನ್ನೂ ದಾಟಿ, ಗೋಲ್‌ಕೀಪರನ ಎದುರು ಒಬ್ಬನೇ ನಿಂತಿದ್ದರೆ ಅವನು ಹೊಡೆದ ಗೋಲು ಲೆಕ್ಕಕ್ಕಿಲ್ಲ. ರಿಜ್ವಾನ್ ತನ್ನ ಸಾಲನ್ನು ಆ ಗಳಿಗೆಗೆ ಸರಿಯಾಗಿ ಒಂದು ಹೆಜ್ಜೆ ಮುಂದೆ ತರುತ್ತಿದ್ದ. ಎದುರಾಳಿ ಸಾಲಿನ ಆಚೆ ಒಂಟಿಯಾಗುತ್ತಿದ್ದ, ರಿಜ್ವಾನನ ಬಲಗೈ ಆಕಾಶಕ್ಕೆ ಏಳುತ್ತಿತ್ತು. ಆ ಕೈ ನೋಡಿ ರೆಫರಿ ಸೀಟಿ ಊದಬೇಕು. ಅವನೋ ಊದುತ್ತಿರಲಿಲ್ಲ. "ಕೈ ಇಳಸೋ ಜರ್ಮನ್, ಬಸ್ ನಿಂದರ್ಸಾಕತ್ತೀಯೇನು?" ಎಂದು ಮೈದಾನದ ಅಂಚಿನಲ್ಲಿ ಕುಳಿತವರು ನಗುತ್ತಿದ್ದರು. ಕಣ್ಣಿದ್ದೂ ಕುರುಡರಾದವರಿಗೆ ಸೀಟಿ ಕೊಟ್ಟರೆ ಇನ್ನೇನಾದೀತು ಎಂದು ರಿಜ್ವಾನ್ ಹಲ್ಲು ಕಡಿಯುತ್ತಿದ್ದ.

ಅವನ ಇಪ್ಪತ್ತೊಂದನೇ ವಯಸ್ಸಿಗೆ ತಂಡ ಲೀಗ್ ಫೈನಲ್ ತಲುಪಿತು. ಆ ದಿನ ಗೆರೆಯ ಪಕ್ಕ ಬಾವುಟ ಹಿಡಿಯಬೇಕಾದ ಲೈನ್ಸ್‌ಮನ್ ಬರಲೇ ಇಲ್ಲ. ಆಟ ನಿಲ್ಲಬಾರದೆಂದು ರಿಜ್ವಾನನ ತಂಡದಲ್ಲೇ ಹೊರಗೆ ಕುಳಿತಿದ್ದ ವಾಸುದೇವನ ಕೈಗೆ ಬಾವುಟ ಕೊಟ್ಟರು. ವಾಸುದೇವ್ ಅಂದರೆ ಪ್ರೈಮರಿ ಶಾಲೆಯಿಂದ ಜೊತೆಗಿದ್ದ ಗೆಳೆಯ, ಇಫ್ತಾರಿಗೆ ಕರೆಯದೆಯೇ ಬಂದು ಮೊದಲ ಸಾಲಿನಲ್ಲಿ ಕೂರುವವನು. ಆಟ ಇನ್ನೇನು ಮುಗಿಯಬೇಕು ಎನ್ನುವಾಗ ಎದುರಾಳಿಯೊಬ್ಬ ನುಗ್ಗಿದ. ರಿಜ್ವಾನ್ ಕೈ ಎತ್ತಿ ಅಲ್ಲೇ ನಿಂತುಬಿಟ್ಟ. ನಮ್ಮವನೇ ಬಾವುಟ ಹಿಡಿದಿರುವಾಗ ಓಡುವ ಕರ್ಮ ಯಾರಿಗೆ ಬೇಕು? ಬಾವುಟ ಏಳಲಿಲ್ಲ, ಗೋಲಾಯಿತು, ಸೋತರು. ಊರೆಲ್ಲ ಬೈದದ್ದು ಓಡದೆ ನಿಂತ ರಿಜ್ವಾನನನ್ನು. ರಿಜ್ವಾನ್ ಬೈದದ್ದು ವಾಸುದೇವನನ್ನು, ಅದೂ ಒಂದೇ ಸಲ. ಆಮೇಲೆ ಮಾತೇ ಬಿಟ್ಟ.

ಓದಲೆಂದು ವೆಲ್ಲಿಂಗ್ಟನ್ನಿಗೆ ಬಂದಾಗ ಅವನು ಮೂವತ್ತರ ಹತ್ತಿರ. ಇಲ್ಲಿನ ಮೈದಾನಗಳನ್ನು ನೋಡಿ ಅವನಿಗೆ ಅಳುವೇ ಬಂತು. ಓಣಿಗೊಂದು ಮೈದಾನ, ಹಾಸಿಗೆಯಂಥ ಹುಲ್ಲು, ಬಿದ್ದರೂ ಚರ್ಮ ಸುಲಿಯದು. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ. ಬೆಳಗಾವಿಯ ಕಲ್ಲುಮಣ್ಣು ಅವನ ಎರಡೂ ಮೊಣಕಾಲನ್ನು ಆಗಲೇ ತಿಂದು ಮುಗಿಸಿತ್ತು. ಕೆಲವು ವರ್ಷ ಕುಂಟುತ್ತಲೇ ಆಡಿದ. ಓದಿದ ಓದಿಗೆ ಕೆಲಸ ಸಿಗಲಿಲ್ಲ, ಹೀಟ್ ಪಂಪ್ ಕಲಿತ. ಮದುವೆಯಾಗಿ ಫಹಮಿದಾ ಬಂದಳು, ಮಗಳು ಲೈಬಾ ಹುಟ್ಟಿದಳು, ಅಪ್ಪರ್ ಹಟ್‌ನಲ್ಲಿ ಮನೆಯಾಯಿತು. ಆಮೇಲೆ ಅಲ್ಲಿನ ಒಂದು ಸಣ್ಣ ಕ್ಲಬ್ಬಿನವರು, ಬೇರೆ ಯಾರೂ ಒಪ್ಪದ ಕಾರಣ, ತಮ್ಮ ಎರಡನೇ ತಂಡಕ್ಕೆ ಅವನನ್ನು ಕೋಚ್ ಮಾಡಿದರು. ಮನೆಯಲ್ಲಿ ಮಾತ್ರ ಅವನು ತನ್ನನ್ನು ಮ್ಯಾನೇಜರ್ ಎಂದೇ ಕರೆದುಕೊಂಡ.

"ಮ್ಯಾನೇಜರ್ ಸಾಹೇಬ್ರ, ಗೋಡಿಗೆ ಒಂದ್ ಮೊಳಿ ಹೊಡೀರಿ ಅಂದ್ರ ತಿಂಗಳ ಬೇಕು ನಿಮಗ," ಎಂದಳು ಫಹಮಿದಾ. "ಆ ದಾಂಡಿಗ್ಯಾರ ಜರ್ಸಿ ಒಗ್ಯಾಕ ಮಾತ್ರ ಬಂದ ಕೂಡ್ಲೆ ಮಶೀನ್ ಹಚ್ಚತೀರಿ."

ಅವಳು ಹೇಳಿದ್ದರಲ್ಲಿ ಸುಳ್ಳೇನಿಲ್ಲ. ಜರ್ಸಿ ಒಗೆಯುವುದು, ಬಲೆ ಕಟ್ಟುವುದು, ಕಾರಿಲ್ಲದವರನ್ನು ತನ್ನ ಯೂಟ್ ಎಂಬ ಪಿಕಪ್ ಗಾಡಿಯಲ್ಲಿ ತುಂಬಿಕೊಂಡು ಬರುವುದು, ಎಲ್ಲ ಅವನದೇ. ಜರ್ಮನಿಯ ಹಿಂದಿನ ಸಾಲನ್ನು ಕಲಿಸಲು ಹೊರಟವನಿಗೆ ಸಿಕ್ಕಿದ್ದು ಎಂಥ ಸಾಲು! ಒಬ್ಬ ರಗ್ಬಿ ಬಿಟ್ಟು ಬಂದವನು, ಚೆಂಡಿಗಿಂತ ಮೊದಲು ಮನುಷ್ಯನನ್ನು ಕೆಡವುತ್ತಿದ್ದ. ಬ್ರೆಂಟ್ ಎಂಬ ಎಡಬದಿಯ ಆಟಗಾರ ಮಾಂಸದ ಪೈ ತಿನ್ನುತ್ತಲೇ ವಾರ್ಮಪ್ಪಿಗೆ ಬರುತ್ತಿದ್ದ. "ಲೈನ್! ಲೈನ್!" ಎಂದು ರಿಜ್ವಾನ್ ಗಂಟಲು ಹರಿದುಕೊಂಡರೆ ಅವರು "ಚಿಲ್, ಕೋಚ್" ಎನ್ನುತ್ತಿದ್ದರು. ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಅದು ಕಿವಿಯನ್ನಾದರೂ ಅಲ್ಲಾಡಿಸೀತು. ಅವನ ಮಾತನ್ನು ತಲೆಗೆ ಹಾಕಿಕೊಂಡವನು ಒಬ್ಬನೇ, ಬೆಂಗಳೂರಿನ ತನ್ಮಯ್. ಇಲ್ಲಿಗೆ ಓದಲು ಬಂದು ಈಗ ವೆಲ್ಲಿಂಗ್ಟನ್ನಿನ ಐಟಿ ಕಂಪನಿಯೊಂದರಲ್ಲಿ ಕೆಲಸದಲ್ಲಿದ್ದ ಅವನನ್ನು ರಿಜ್ವಾನ್ ತನ್ನದೇ ಜಾಗಕ್ಕೆ, ಸ್ಟಾಪರ್ ಆಗಿ ತಿದ್ದಿದ್ದ. ಕೈ ಎತ್ತುವುದನ್ನೂ ಕಲಿಸಿದ್ದ.

ಈ ವರ್ಷ ಅದೃಷ್ಟ ಒಮ್ಮೆ ಅವನ ಕಡೆ ತಿರುಗಿ ನೋಡಿತು. ಮೊದಲ ತಂಡದ ಕೋಚ್ ಆಕ್ಲೆಂಡಿಗೆ, ಫ್ಲ್ಯಾಟ್ ಬುಷ್ ಕಡೆ ಮನೆ ಕೊಂಡು ಹೊರಟುನಿಂತಿದ್ದ. ಕ್ಲಬ್ಬಿನ ಅಧ್ಯಕ್ಷೆ ರಿಜ್ವಾನನನ್ನು ಪಕ್ಕಕ್ಕೆ ಕರೆದು ಹೇಳಿದಳು: ಎರಡನೇ ತಂಡ ಈ ಸಲ ಕೆಳಗಿನ ದರ್ಜೆಗೆ ಬೀಳದೆ ಉಳಿದರೆ, ಬರುವ ವರ್ಷ ಮೊದಲ ತಂಡ ನಿನ್ನದು. ಅದು ನಿಜವಾದ ತಂಡ. ವಾರಕ್ಕೆರಡು ದಿನ ತಪ್ಪದೆ ಅಭ್ಯಾಸಕ್ಕೆ ಬರುವ, ಹೇಳಿದರೆ ಕೇಳುವ ಹುಡುಗರು. ಅವರ ಪಂದ್ಯಕ್ಕೆ ನಿಜವಾದ ಲೈನ್ಸ್‌ಮನ್‌ಗಳು. ರಿಜ್ವಾನ್ ಒಂದು ಕೋಟು ಕೊಂಡು ತಂದು ಬೀರುವಿನಲ್ಲಿ ತೂಗುಹಾಕಿದ.

ಕೊನೆಯ ಪಂದ್ಯಕ್ಕೆ ಡ್ರಾ ಆದರೆ ಸಾಕಿತ್ತು. ಅಂಥ ದಿನ ಬಂದವರು ಬರೀ ಹನ್ನೊಂದು ಜನ. ಒಬ್ಬ ಸಮುದ್ರದಂಡೆಯ ತನ್ನ ಬ್ಯಾಚಿಗೆ, ಅಂದರೆ ರಜೆಯ ಗುಡಿಸಲಿಗೆ ಹೋಗಿದ್ದ. ಒಬ್ಬನ ಫ್ಲ್ಯಾಟ್‌ಮೇಟ್ ಮನೆ ಬದಲಿಸುತ್ತಿದ್ದನಂತೆ, ಸೋಫಾ ಎತ್ತಬೇಕಂತೆ. ಇನ್ನೊಬ್ಬ ಹಿಂದಿನ ದಿನದ ಕುಡಿತದಿಂದ ಎದ್ದೇ ಇರಲಿಲ್ಲ. ಸೋಫಾಕ್ಕಿಂತ ಕಡೆಯಾಯಿತೇ ನನ್ನ ಬದುಕು ಎಂದು ರಿಜ್ವಾನ್ ಫೋನನ್ನು ಯೂಟ್‌ನ ಸೀಟಿಗೆ ಬಿಸಾಡಿದ. ಈ ದರ್ಜೆಯ ಆಟಕ್ಕೆ ರೆಫರಿ ಒಬ್ಬನೇ ಬರುತ್ತಾನೆ. ಲೈನಿಗೆ ಎರಡೂ ತಂಡದವರು ತಮ್ಮತಮ್ಮವರನ್ನೇ ಕೊಡಬೇಕು, ತಮ್ಮ ಗೋಲಿನ ಕಡೆಯ ಆಫ್‌ಸೈಡನ್ನು ತಮ್ಮವನೇ ನೋಡಬೇಕು. ಹೊರಗೆ ಕುಳಿತ ಆಟಗಾರ ಯಾರೂ ಇಲ್ಲದ್ದರಿಂದ ನರೆಗಡ್ಡದ ರೆಫರಿ ಹಳದಿ ಬಾವುಟವನ್ನು ರಿಜ್ವಾನನ ಕೈಗೇ ಕೊಟ್ಟ.

ಗಾಳಿಯೋ, ಹೇಳಬಾರದು. ಒದ್ದ ಚೆಂಡು ಒದ್ದವನ ಕಡೆಗೇ ತಿರುಗಿ ಬರುತ್ತಿತ್ತು. ಹದಿನಾರರ ಲೈಬಾ ಮಫ್ಲರ್ ಸುತ್ತಿಕೊಂಡು ಅಪ್ಪನ ಹಿಂದೆ ನಿಂತಿದ್ದಳು. ಅವಳು ಬಂದದ್ದು ಆಟಕ್ಕಲ್ಲ, ಆಟ ಮುಗಿದ ಮೇಲೆ ಯೂಟ್ ಓಡಿಸಲು ಕೊಡುತ್ತೇನೆಂದು ಅಪ್ಪ ಮಾತು ಕೊಟ್ಟಿದ್ದಕ್ಕೆ. ಅರ್ಧ ಆಟ ಮುಗಿಯಿತು, ಗೋಲಿಲ್ಲ. ಮುಕ್ಕಾಲು ಮುಗಿಯಿತು, ಗೋಲಿಲ್ಲ. ಚೆಂಡು ಹೊರಹೋದಾಗಲೆಲ್ಲ ರಿಜ್ವಾನ್ ಬಾವುಟ ತೋರಿಸಿದ, ರೆಫರಿ ಪ್ರತಿ ಸಲವೂ "ಥ್ಯಾಂಕ್ಸ್, ಲೈನೋ" ಎಂದ. ಕೊನೆಕೊನೆಗೆ ಬ್ರೆಂಟ್ ಮೀನಖಂಡ ಹಿಡಿದುಕೊಂಡು ಗೋಲ್ ಕಂಬದ ಹತ್ತಿರ ಕುಸಿದ. ಬದಲಿಗೆ ಇಳಿಸಲು ಯಾರೂ ಇಲ್ಲ.

"ಏಳೋ ಮಾರಾಯಾ, ನಿಂತರ ನಿಲ್ಲು!" ಎಂದು ರಿಜ್ವಾನ್ ಕನ್ನಡದಲ್ಲೇ ಕೂಗಿದ. ಬ್ರೆಂಟ್ ಅಲ್ಲೇ ಕುಂಟುತ್ತ ಉಳಿದ.

ಆಗಲೇ ಎದುರಾಳಿಗಳು ಉದ್ದಕ್ಕೆ ಚೆಂಡು ಒದ್ದರು. ತನ್ಮಯ್ ಕಲಿಸಿದಂತೆಯೇ ಸಾಲನ್ನು ಒಂದು ಹೆಜ್ಜೆ ಮುಂದೆ ತಂದ. ಅವರ ಫಾರ್ವರ್ಡ್ ಸಾಲಿನಾಚೆ ಒಂಟಿಯಾದ. ತನ್ಮಯನ ಬಲಗೈ ಮೇಲೆದ್ದಿತು. ಅದನ್ನು ಕಂಡದ್ದೇ ತಡ, ರಿಜ್ವಾನನ ಬಲಗೈ ತಾನಾಗಿ ಎದ್ದಿತು. ಯೋಚಿಸಿ ಎತ್ತಿದ ಕೈಯಲ್ಲ ಅದು, ಹುಟ್ಟುಗುಣದಂತೆ ಎದ್ದ ಕೈ. ಅದರ ತುದಿಯಲ್ಲಿ ಈ ಸಲ ಬಾವುಟವಿತ್ತು. ಚೆಂಡು ಬಲೆ ಸೇರಿತು, ರೆಫರಿ ಬಾವುಟ ನೋಡಿದ, ಸೀಟಿ ಊದಿದ. ಗೋಲಿಲ್ಲ.

ತಂಡದವರು ಕುಣಿದರು. ರಿಜ್ವಾನನಿಗೆ ಎದೆ ತುಂಬಿ ಬಂತು. ಜೀವಮಾನದಲ್ಲಿ ಮೊದಲ ಸಲ ಒಬ್ಬ ರೆಫರಿ ಅವನ ಕೈಯನ್ನು ನಂಬಿದ್ದ.

"ಡ್ಯಾಡ್," ಎಂದಳು ಹಿಂದಿನಿಂದ ಲೈಬಾ, ಮೆಲ್ಲಗೆ. "ಬ್ರೆಂಟ್ ವಾಸ್ ಸ್ಟಿಲ್ ಬ್ಯಾಕ್ ದೇರ್."

ರಿಜ್ವಾನ್ ತಿರುಗಿ ನೋಡಿದ. ಬ್ರೆಂಟ್ ಗೋಲ್ ಕಂಬದ ಪಕ್ಕದಲ್ಲೇ ಇದ್ದ, ಕಾಲು ತಿಕ್ಕಿಕೊಳ್ಳುತ್ತ. ಅವನಿದ್ದ ಮೇಲೆ ಫಾರ್ವರ್ಡ್ ಒಂಟಿಯಲ್ಲ. ಒಂಟಿಯಲ್ಲದ ಮೇಲೆ ಆಫ್‌ಸೈಡಲ್ಲ. ತಾನೇ ಈಗಷ್ಟೆ ಕೂಗಿ ಬೈದವನನ್ನು ತಾನೇ ಮರೆತಿದ್ದ. ಥೂ ಇದರ, ಎಂಥ ಹಣೆಬರಹ! ಸರಿಯಾಗಿ ಎತ್ತಿದ ಕೈಯನ್ನೆಲ್ಲ ಜಗತ್ತು ನಕ್ಕು ತಳ್ಳಿಹಾಕಿತು, ತಪ್ಪಾಗಿ ಎತ್ತಿದ ಒಂದೇ ಒಂದು ಕೈಯನ್ನು ತಲೆಯ ಮೇಲಿಟ್ಟುಕೊಂಡಿತು.

ಸುಮ್ಮನಿದ್ದರೆ ಮುಗಿಯುತ್ತಿತ್ತು. ಬೀರುವಿನಲ್ಲಿ ಕೋಟು ಕಾಯುತ್ತಿತ್ತು. ಗೋಲ್‌ಕೀಪರ್ ಚೆಂಡನ್ನು ನೆಲದ ಮೇಲಿಟ್ಟು ಒದೆಯಲು ಹಿಂದೆ ಸರಿದ. ಅವನು ಒದ್ದ ಮೇಲೆ ತೀರ್ಪನ್ನು ದೇವರೂ ಬದಲಿಸುವ ಹಾಗಿಲ್ಲ. ಆ ಹೊತ್ತಿನಲ್ಲಿ ರಿಜ್ವಾನನ ತಲೆಗೆ ಬಂದದ್ದು ನೀತಿಯಲ್ಲ, ಧರ್ಮವಲ್ಲ, ವಾಸುದೇವ್. ಬಾವುಟ ಹಿಡಿದವನು ಮೋಸ ಮಾಡಿದ ಎಂದು ಬೆಳಗಾವಿಯಿಂದ ಇಲ್ಲಿಯವರೆಗೆ ಹೇಳಿಕೊಂಡು ಬಂದವನು, ಈಗ ಬಾವುಟ ಹಿಡಿದು ಸುಮ್ಮನಿದ್ದರೆ ಇನ್ನು ಯಾರನ್ನು ಬೈಯುವುದು? ಆ ಬೈಗುಳ ಬಿಟ್ಟರೆ ಬೆಳಗಾವಿಯದೆಂದು ಅವನ ಹತ್ತಿರ ಉಳಿದದ್ದಾದರೂ ಏನು?

"ರೆಫ್!" ಎಂದು ಅವನು ಕೂಗಿದ. ಬಾವುಟ ಬೀಸುತ್ತ ಮೈದಾನದೊಳಕ್ಕೆ ಕುಂಟಿಕೊಂಡೇ ಓಡಿದ.

ಗೋಲು ಗೋಲಾಯಿತು. ಉಳಿದದ್ದು ಇಲ್ಲವೆನ್ನುವಷ್ಟೇ ಹೊತ್ತು. ಅದೂ ಮುಗಿಯಿತು, ಸೋತರು, ಕೆಳಗಿನ ದರ್ಜೆಗೆ ಬಿದ್ದರು. ತಂಡದವರು ಅವನ ಮುಖ ನೋಡದೆ ಬ್ಯಾಗು ಎತ್ತಿಕೊಂಡರು. ತನ್ಮಯ್ ಮಾತ್ರ ಎದುರಿಗೆ ಬಂದು ನಿಂತ. ಅವನ ಕಣ್ಣು ಕೆಂಪಾಗಿತ್ತು.

"ಅಂಕಲ್, ಯಾರಾದ್ರೂ ಕೇಳಿದ್ರಾ ನಿಮ್ಮನ್ನ? ನಾನ್ ಕೈ ಎತ್ತಿದ್ದೆ. ನಮ್ಮೋರೇ ಫ್ಲ್ಯಾಗ್ ಹಿಡ್ಕೊಂಡಿದಾರೆ ಅಂತ ನಿಂತ್ಬಿಟ್ಟೆ. ನೀವೇ ಹಿಂಗ್ ಮಾಡಿದ್ರೆ?"

ಆ ಮಾತು ರಿಜ್ವಾನನದೇ. ತಾನು ವಾಸುದೇವನಿಗೆ ಹೇಳಿದ್ದೂ ಇದನ್ನೇ. ಅವತ್ತು ವಾಸುದೇವ್ ಏನು ಹೇಳಿದ್ದ? ಹೇಳಲು ತಾನು ಬಿಟ್ಟಿದ್ದರಲ್ಲವೇ. ಓಡುತ್ತಿರುವ ಸ್ಟಾಪರನ ಕಣ್ಣಿಗೆ ತನ್ನ ಸಾಲು ಕಾಣುತ್ತದೆ, ಬೆನ್ನ ಹಿಂದೆ ಕಾಲು ತಿಕ್ಕಿಕೊಳ್ಳುವವನು ಕಾಣುವುದಿಲ್ಲ. ಅವತ್ತು ಕೆಂಪು ದೂಳಿನಲ್ಲಿ ತನ್ನ ಬೆನ್ನ ಹಿಂದೆಯೂ ಯಾರಾದರೂ ಇದ್ದರೇ?

ಅಧ್ಯಕ್ಷೆ ಬಂದು ಭುಜ ತಟ್ಟಿ "ಗುಡ್ ಆನ್ ಯೂ" ಎಂದಳು. ಕೊಡಲು ಏನೂ ಇಲ್ಲದವರು ಇಲ್ಲಿ ಈ ಶಾಬಾಸಿಯನ್ನು ಧಾರಾಳವಾಗಿ ಕೊಡುತ್ತಾರೆ. ಮೊದಲ ತಂಡದ ಮಾತನ್ನು ಅವಳು ಎತ್ತಲಿಲ್ಲ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಮನೆಯ ದಾರಿಯಲ್ಲಿ ಯೂಟ್ ಓಡಿಸುತ್ತ ಲೈಬಾ "ಇಟ್ ವಾಸ್ ದ ರೈಟ್ ಕಾಲ್, ಡ್ಯಾಡ್" ಎಂದಳು.

"ರೈಟ್ ಕಾಲ್ ಅಂತ! ಅದನ್ನೇನ್ ರೊಟ್ಟಿಗೆ ಹಚ್ಚಿಕೊಂಡ್ ತಿನ್ನಾಕ ಬರ್ತದ? ನೀ ಮುಂದ ನೋಡಿ ಓಡಸು," ಎಂದು ರಿಜ್ವಾನ್ ಸಿಡುಕಿದ. ಅವಳು ನಕ್ಕಳು. ಅದೂ ಅವನಿಗೆ ಸಿಟ್ಟು ತರಿಸಿತು.

ಮನೆಗೆ ಬಂದವನೇ ಜರ್ಸಿಗಳನ್ನು ಮಶೀನಿಗೆ ತುಂಬಿದ. ಹಿತ್ತಲಿನ ಮೆಟ್ಟಿಲ ಮೇಲೆ ಕುಳಿತು ಫೋನು ತೆಗೆದ. ಬೆಳಗಾವಿಯ ಹಳೆಯ ಆಟಗಾರರ ವಾಟ್ಸಾಪ್ ಗುಂಪಿನಲ್ಲಿ ವಾಸುದೇವನ ನಂಬರ್ ಇತ್ತು. ವರ್ಷಗಳಿಂದ ಇಬ್ಬರೂ ಆ ಗುಂಪಿನಲ್ಲಿದ್ದರು, ಒಬ್ಬರ ಮಾತಿಗೆ ಒಬ್ಬರು ಉತ್ತರ ಕೊಟ್ಟವರಲ್ಲ. ಇಲ್ಲಿ ಸಂಜೆಯಾದರೆ ಅಲ್ಲಿ ಮಧ್ಯಾಹ್ನದ ಊಟದ ಹೊತ್ತು. ನಂಬರ್ ಒತ್ತಿದ. ವಾಸುದೇವ್ ತನ್ನ ಝೆರಾಕ್ಸ್ ಅಂಗಡಿಯಲ್ಲಿದ್ದ, ಹಿಂದೆ ಮಶೀನಿನ ಸದ್ದು ಕೇಳುತ್ತಿತ್ತು.

"ಯಾರು? ಜರ್ಮನ್? ಏ, ಖರೇನ?"

"ವಾಸ್ಯಾ, ಒಂದ್ ಮಾತ್ ಕೇಳಬೇಕಿತ್ತು," ಎಂದ ರಿಜ್ವಾನ್. "ಆ ಫೈನಲ್‌ದಾಗ ನೀ ಫ್ಲ್ಯಾಗ್ ಎತ್ತಲಿಲ್ಲಲ್ಲ, ನನ್ನ ಹಿಂದ ಯಾರರ ಇದ್ರೇನು?"

"ಯಾವ ಫೈನಲ್?"

"ಲೀಗ್ ಫೈನಲ್ಲೋ! ನಿನ್ನ ಕೈಯಾಗ ಫ್ಲ್ಯಾಗ್ ಕೊಟ್ಟಿದ್ರಲ್ಲ!"

"ನಂಗ್ಯಾವಾಗ ಕೊಟ್ಟಿದ್ರಪಾ?" ಯಾರಿಗೋ ಚಿಲ್ಲರೆ ಎಣಿಸಿಕೊಟ್ಟ ಸದ್ದಾಯಿತು. "ಹಾಂ, ಒಮ್ಮೆ ಕೊಟ್ಟಿದ್ರ ನೋಡು. ಬಿಸಲ ಭಾಳ ಇತ್ತು, ಕಣ್ಣಿಗೆ ಅಡ್ಡ ಹಿಡಕೊಂಡ್ ನಿಂತಿದ್ದೆ. ಆ ಮ್ಯಾಚ್ ನಾವು ಗೆದ್ದಿದ್ವಲ್ಲೋ?"

"ಸೋತಿದ್ವಿ!" ಎಂದು ರಿಜ್ವಾನ್ ಕೂಗಿದ ಕೂಗಿಗೆ ಫಹಮಿದಾ ಕಿಟಕಿ ತೆರೆದು ನೋಡಿದಳು. "ಸೋತಿದ್ವಿ! ಅದಕ್ಕ ನಾ ನಿನ್ನ ಕೂಡ ಮಾತ್ ಬಿಟ್ಟಿದ್ದು!"

"ಹೌದೇನು? ನಾ ನಿನಗ ನನ್ನ ಮದವಿಗೆ ಕರೀಲಿಲ್ಲಂತ ಬಿಟ್ಟಿ ಅಂತ ತಿಳದಿದ್ದೆ. ಕರದಿದ್ದೆ ಮಾರಾಯಾ, ಕಾರ್ಡ್ ನಿನ್ನ ತಮ್ಮನ ಕೈಯಾಗ ಕೊಟ್ಟಿದ್ದೆ." ಝೆರಾಕ್ಸ್ ಮಶೀನು ನಿಂತಿತು. "ಇರ್ಲಿ ಬಿಡು. ನೀ ಹೆಂಗದೀ? ಎಷ್ಟ್ ವರ್ಷ ಆತು ನಿನ್ನ ದನಿ ಕೇಳಿ."

ಈ ಮನುಷ್ಯನಿಗೆ ಹೇಳಬೇಕೆಂದು ಇಷ್ಟು ವರ್ಷ ಏನೆಲ್ಲ ಸಿದ್ಧಮಾಡಿಟ್ಟುಕೊಂಡಿದ್ದ ರಿಜ್ವಾನ್. ಒಳಗೆ ಮಶೀನು ಜರ್ಸಿಗಳನ್ನು ಗರಗರ ತಿರುಗಿಸುತ್ತಿತ್ತು.

"ಇವತ್ತೂ ಸೋತ್ವೋ ವಾಸ್ಯಾ," ಎಂದ ಕೊನೆಗೆ.

"ಆಫ್‌ಸೈಡ್ ಇತ್ತೇನು?"

"ಇರ್ಲಿಲ್ಲ," ಎಂದ ರಿಜ್ವಾನ್. "ಫ್ಲ್ಯಾಗ್ ನನ್ನ ಕೈಯಾಗೇ ಇತ್ತು."